ಟೆಕ್ಸಾಸ್‌ನಲ್ಲಿ ಜಡ್ಜ್ ಕೂಡ ವೋಟು ಕೇಳುತ್ತಾರೆ

ನೀವು ಕೇಳಿದ್ದು ಇಷ್ಟು: ಹ್ಯೂಸ್ಟನ್ ಪಕ್ಕದ ನಮ್ಮ ಊರು ಶುಗರ್ ಲ್ಯಾಂಡ್‌ನಲ್ಲಿ ಪಕ್ಕದ ಮನೆಯ ಹುಲ್ಲಿನ ಮೇಲೆ ಜಡ್ಜ್ ಹುದ್ದೆಗೆ ನಿಂತವರೊಬ್ಬರ ಬೋರ್ಡು ನೆಟ್ಟಿದ್ದಾರೆ. ಆಫೀಸಿನವರು ಅವರ ಪ್ರಚಾರದ ಊಟಕ್ಕೆ ಕರೆದಿದ್ದಾರೆ, ಟಿಕೆಟಿಗೆ ದುಡ್ಡು ಕೊಡಬೇಕು. ನ್ಯಾಯಾಧೀಶರು ಹೀಗೆ ಮಾಡಬಹುದಾ, ನಾನು ಹೋಗಬಹುದಾ ಅಂತ.

ಮೊದಲು ನಿಮ್ಮ ಜೇಬಿನ ವಿಷಯ. ನೀವು ಎಚ್-1ಬಿ, ಅಂದರೆ ತಾತ್ಕಾಲಿಕ ಕೆಲಸದ ವೀಸಾದಲ್ಲಿದ್ದೀರಿ. ಒಂದು ಡಾಲರ್ ಕೂಡ ಕೊಡಬೇಡಿ. ಗ್ರೀನ್ ಕಾರ್ಡ್ (ಕಾಯಂ ವಾಸದ ಅನುಮತಿ) ಇಲ್ಲದ ವಿದೇಶಿಯರು ಇಲ್ಲಿನ ಯಾವ ಚುನಾವಣೆಗೂ ದೇಣಿಗೆ ಕೊಡುವಂತಿಲ್ಲ. ಊಟದ ಟಿಕೆಟ್ಟೂ ದೇಣಿಗೆಯೇ. ಸಂಬಳವಿಲ್ಲದೆ ಸ್ವಯಂಸೇವಕರಾಗಿ ಕೆಲಸ ಮಾಡಲು ಅಡ್ಡಿಯಿಲ್ಲ. ಇನ್ನೊಂದು ಮಾತು: ಡ್ರೈವಿಂಗ್ ಲೈಸೆನ್ಸ್ ಅರ್ಜಿಯಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸಬೇಕಾ ಅಂತ ಕೇಳುತ್ತಾರೆ. ಅವಸರದಲ್ಲಿ ಹೌದು ಅಂತ ಗುರುತು ಹಾಕಿಬಿಟ್ಟರೆ ಮುಂದೆ ನಿಮ್ಮ ಇಮಿಗ್ರೇಶನ್‌ಗೇ ಕುತ್ತು.

ಇನ್ನು ಜಡ್ಜ್ ವಿಷಯ. ಫೆಡರಲ್ ನ್ಯಾಯಾಧೀಶರನ್ನು ಅಧ್ಯಕ್ಷರು ನೇಮಿಸುತ್ತಾರೆ. ಆದರೆ ಟೆಕ್ಸಾಸ್‌ನ ಡಿಸ್ಟ್ರಿಕ್ಟ್ ಕೋರ್ಟಿನ ಜಡ್ಜ್ ನಾಲ್ಕು ವರ್ಷಕ್ಕೊಮ್ಮೆ ಪಕ್ಷದ ಹೆಸರಿನಲ್ಲಿ ನಿಂತು ಗೆಲ್ಲಬೇಕು. ಕೊಲೆ, ದರೋಡೆಯಂಥ ದೊಡ್ಡ ಕೇಸುಗಳನ್ನು ವಿಚಾರಣೆ ಮಾಡುವವರೂ ಇವರೇ. ನಮ್ಮೂರಲ್ಲಿ ಜಡ್ಜ್ ಪಕ್ಷದ ಬಾವುಟ ಹಿಡಿದರೆ ಹೇಗಿರುತ್ತೆ ಅಂತ ನಿಮಗೆ ಅನ್ನಿಸಿರಬೇಕು. ನನಗೂ ಮೊದಲು ಹಾಗೇ ಅನ್ನಿಸಿತ್ತು.

ನಮ್ಮ ಫೋರ್ಟ್ ಬೆಂಡ್ ಕೌಂಟಿಯಲ್ಲೇ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಥರ) ಒಬ್ಬರಿದ್ದಾರೆ, ಸುರೇಂದ್ರನ್ ಪಟ್ಟೇಲ್. ಮಲಯಾಳಿ, ಕಾಸರಗೋಡು ಜಿಲ್ಲೆಯವರು. 1956ರವರೆಗೆ ಆ ನೆಲ ನಮ್ಮ ದಕ್ಷಿಣ ಕನ್ನಡಕ್ಕೇ ಸೇರಿತ್ತು ಅಲ್ವಾ. ಹತ್ತನೇ ಕ್ಲಾಸಿನ ನಂತರ ಓದು ನಿಲ್ಲಿಸಿ ಬೀಡಿ ಕಟ್ಟಿದವರು. ಆಮೇಲೆ ಕಲ್ಲಿಕೋಟೆಯಲ್ಲಿ ಹೋಟೆಲ್ ಕೆಲಸ ಮಾಡುತ್ತಾ ಕಾನೂನು ಓದಿದರು, ವಕೀಲರಾದರು. 2007ರಲ್ಲಿ ಅಮೆರಿಕಕ್ಕೆ ಬಂದದ್ದು ನರ್ಸ್ ಆಗಿದ್ದ ಹೆಂಡತಿಯ ಕೆಲಸದ ಮೇಲೆ. ಮೊದಲು ದಿನಸಿ ಅಂಗಡಿಯಲ್ಲಿ ದುಡಿದರು. ಎರಡೇ ವರ್ಷದಲ್ಲಿ ಟೆಕ್ಸಾಸ್‌ನಲ್ಲಿ ವಕೀಲಿಕೆ ಮಾಡಲು ಬೇಕಾದ ಬಾರ್ ಪರೀಕ್ಷೆ ಪಾಸಾದರು, ಆದರೂ ಯಾರೂ ಕೆಲಸ ಕೊಡಲಿಲ್ಲ. ಹ್ಯೂಸ್ಟನ್ ವಿಶ್ವವಿದ್ಯಾಲಯದಲ್ಲಿ ಮತ್ತೆ ಕಾನೂನು ಓದಿ ಕ್ರಿಮಿನಲ್, ಸಿವಿಲ್ ಎರಡೂ ಕೇಸು ಹಿಡಿದರು. 2017ರಲ್ಲಿ ಪೌರತ್ವ ಬಂತು.

ಐದೇ ವರ್ಷಕ್ಕೆ, 2022ರ ಮಾರ್ಚ್ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿ, ತಮ್ಮದೇ ಡೆಮಾಕ್ರಟಿಕ್ ಪಕ್ಷದ ಹಾಲಿ ಜಡ್ಜ್ ವಿರುದ್ಧವೇ ನಿಂತು ಗೆದ್ದರು. ನವೆಂಬರ್‌ನಲ್ಲಿ ರಿಪಬ್ಲಿಕನ್ ಅಭ್ಯರ್ಥಿಯನ್ನೂ ಸೋಲಿಸಿದರು. ಪ್ರಚಾರದಲ್ಲಿ ಅವರ ಇಂಗ್ಲಿಷ್ ಉಚ್ಚಾರಣೆಯನ್ನು ಆಡಿಕೊಂಡವರಿದ್ದರು. 2023ರ ಜನವರಿಯಲ್ಲಿ 240ನೇ ಡಿಸ್ಟ್ರಿಕ್ಟ್ ಕೋರ್ಟಿನ ಪೀಠ ಹತ್ತಿದರು. ಇಲ್ಲಿಗೆ ಬಂದು ಕುಗ್ಗಿ ಕೂತ ಹುಡುಗರಿಗೆ ನಾನು ಈ ಕಥೆ ಹೇಳುತ್ತಲೇ ಇರುತ್ತೇನೆ.

ಈ ಪ್ರಚಾರ ನಮ್ಮ ಎಂಎಲ್‌ಎ ಪ್ರಚಾರದ ಥರ ಅಲ್ಲ. ಇಂಥ ಕೇಸಿನಲ್ಲಿ ಇಂಥ ತೀರ್ಪು ಕೊಡುತ್ತೇನೆ ಅಂತ ಭರವಸೆ ಕೊಡಲು ನ್ಯಾಯಾಂಗದ ನಡತೆ ನಿಯಮ ಬಿಡುವುದಿಲ್ಲ. ಹಾಗಾಗಿ ಅನುಭವದ ಬಗ್ಗೆ ಹೇಳುತ್ತಾರೆ, ಯಾರ ಬೆಂಬಲವಿದೆ ಅಂತ ಹೇಳುತ್ತಾರೆ, ಕೈ ಕುಲುಕುತ್ತಾರೆ. ಮತಗಟ್ಟೆಯಿಂದ 100 ಅಡಿ ದೂರದ ಗೆರೆಯಾಚೆ ಬಿಸಿಲಲ್ಲಿ ನಿಂತು ಕಾರ್ಡು ಹಂಚುತ್ತಾರೆ. ದುಡ್ಡು ಕೊಡುವವರಲ್ಲಿ ವಕೀಲರೇ ಜಾಸ್ತಿ, ನಾಳೆ ಅದೇ ಜಡ್ಜ್ ಮುಂದೆ ವಾದ ಮಾಡುವವರು. ಈ ಪದ್ಧತಿಯಲ್ಲಿ ನನಗೆ ಒಪ್ಪಿಗೆಯಾಗದ್ದು ಇದೇ. ಪಕ್ಷದ ಗಾಳಿಯೂ ಹಾಗೇ. ಅದು ಬೀಸಿದರೆ ಒಳ್ಳೆಯ ಜಡ್ಜ್ ಕೂಡ ಸುಮ್ನೆ ಹಾರಿಹೋಗುತ್ತಾರೆ.

ಆದರೆ ಪಕ್ಕದ ಹ್ಯಾರಿಸ್ ಕೌಂಟಿಯಲ್ಲಿ, ಅಂದರೆ ಹ್ಯೂಸ್ಟನ್‌ನಲ್ಲಿ, ಆದದ್ದನ್ನೂ ನೋಡಿ. 2016ರಲ್ಲಿ, ಮಾನ್ಯ ಲೈಸೆನ್ಸ್ ಇಲ್ಲದೆ ಕಾರು ಓಡಿಸಿದಳು ಅಂತ ಒಬ್ಬ ತಾಯಿಯನ್ನು ಹಿಡಿದರು. ಜಾಮೀನು 2,500 ಡಾಲರ್. ಕಟ್ಟಲಾಗದೆ ಜೈಲಲ್ಲಿ ಕೂತಳು. ದುಡ್ಡಿದ್ದವರಾದರೆ ಅವತ್ತೇ ಮನೆಗೆ ಹೋಗುತ್ತಿದ್ದರು. ಅವಳ ಹೆಸರಿನಲ್ಲಿ ಕೇಸು ನಡೆಯಿತು. 2017ರಲ್ಲಿ ಫೆಡರಲ್ ಜಡ್ಜ್ ಲೀ ರೋಸೆಂಥಾಲ್ ಜಾಮೀನಿನ ಈ ಪದ್ಧತಿ ಸಂವಿಧಾನಕ್ಕೆ ವಿರುದ್ಧ ಅಂದರು. ಸಣ್ಣ ಅಪರಾಧಗಳ ಕೋರ್ಟುಗಳ 16 ಜಡ್ಜ್‌ಗಳಲ್ಲಿ ಹೆಚ್ಚಿನವರು ಅದನ್ನು ಒಪ್ಪದೆ ಹೋರಾಟ ಮುಂದುವರಿಸಿದರು. 2018ರ ನವೆಂಬರ್ ಚುನಾವಣೆಯಾದ ಮೇಲೆ 16 ಪೀಠದಲ್ಲೂ ಡೆಮಾಕ್ರಟರೇ ಇದ್ದರು. ಹೊಸಬರು ಮರುವರ್ಷವೇ ರಾಜಿಗೆ ಒಪ್ಪಿ ಜಾಮೀನಿನ ನಿಯಮ ಬದಲಿಸಿದರು. ಬಡವರ ಜೈಲುವಾಸವನ್ನು ಒಂದು ವೋಟಿನ ಹಾಳೆ ತಪ್ಪಿಸಿತು ಅಂದರೆ ಅದನ್ನು ಹಗುರವಾಗಿ ನೋಡಲು ನನ್ನಿಂದ ಆಗದು.

ಕಷ್ಟವೇನೆಂದರೆ ಇಲ್ಲಿ ಬ್ಯಾಲೆಟ್ ತುಂಬ ಉದ್ದ. ಜಡ್ಜ್‌ಗಳ ಹೆಸರು ಕೆಳಗೆಲ್ಲೋ ಇರುತ್ತದೆ. 2020ರಿಂದ ಒಂದೇ ಗುರುತಿನಲ್ಲಿ ಇಡೀ ಪಕ್ಷಕ್ಕೆ ಮತ ಹಾಕುವ ಸೌಲಭ್ಯವೂ ಹೋಯಿತು. ಪೌರತ್ವ ಪಡೆದ ನಮ್ಮವರೇ ಎಷ್ಟೋ ಜನ ಮೇಲಿನ ನಾಲ್ಕು ಹೆಸರಿಗೆ ಗುರುತು ಹಾಕಿ ಬಂದುಬಿಡುತ್ತಾರೆ. ಇದು ನನಗೆ ನಿಜಕ್ಕೂ ನೋವಿನ ವಿಷಯ.

ನಿಮಗೆ ವೋಟು ಬರಲು ವರ್ಷಗಳಿವೆ. ಅಷ್ಟರಲ್ಲಿ ಕೋರ್ಟು ನಡೆಯುವ ಯಾವುದಾದರೂ ದಿನ ಆಫೀಸಿಗೆ ರಜೆ ಹಾಕಿ, ನಮ್ಮ ಕೌಂಟಿಯ ಕೋರ್ಟುಗಳಿರುವ ರಿಚ್‌ಮಂಡ್‌ನ ಜಸ್ಟಿಸ್ ಸೆಂಟರ್‌ಗೆ ಹೋಗಿ. ಕೋರ್ಟು ಎಲ್ಲರಿಗೂ ತೆರೆದಿರುತ್ತದೆ. ಫೋನ್ ಬಂದ್ ಮಾಡಿ ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ. ವಕೀಲರಿಲ್ಲದೆ ಬಂದವರ ಜೊತೆ ಜಡ್ಜ್ ಹೇಗೆ ಮಾತಾಡುತ್ತಾರೆ ಅನ್ನೋದನ್ನು ಗಮನಿಸಿ. ಆ ಊಟಕ್ಕೆ ಕರೆದ ಗೆಳೆಯರಿಗೆ, ವೀಸಾ ಕಾರಣಕ್ಕೆ ಟಿಕೆಟ್ ಕೊಳ್ಳುವಂತಿಲ್ಲ, ಬೇಕಾದರೆ ಶನಿವಾರ ಬೋರ್ಡು ನೆಡಲು ಬರುತ್ತೇನೆ ಅಂತ ಹೇಳಿ.