ಕೊಂಡ ಮೇಲೆ ಬೆಲೆ ಇಳಿಯಿತೆಂದು ಇನ್ನೊಂದನ್ನು ಕೊಂಡು ಸರಾಸರಿ ಮಾಡಬೇಡಿ

ಟಿವಿಗೆ ಸಿಕ್ಕಿಸಿ ಇಂಟರ್ನೆಟ್ಟಿನ ವಿಡಿಯೋ ನೋಡುವ ಸ್ಟ್ರೀಮಿಂಗ್ ಸಾಧನವನ್ನು ಪೂರ್ಣ ಬೆಲೆಗೆ ಕೊಂಡ ಕೆಲವೇ ವಾರಗಳಲ್ಲಿ ಅದರ ಬೆಲೆ ಅರ್ಧಕ್ಕೆ ಇಳಿದಿದೆ, ನಾನು ಮೋಸಹೋದೆನೇ ಎಂದು ನೀವು ಕೇಳಿದ್ದೀರಿ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಬರೆಯಲು ಕೂರಿಸಿದ್ದು ಪ್ರಶ್ನೆಯ ಕೊನೆಯಲ್ಲಿ ನೀವು ಸೇರಿಸಿರುವ ಮಾತು: ಈಗಿನ ಬೆಲೆಗೆ ಇನ್ನೊಂದನ್ನು ಮಾವನವರ ಮನೆಗೆ ಕೊಂಡರೆ ಸರಾಸರಿ ಲೆಕ್ಕದಲ್ಲಿ ನಷ್ಟ ಸರಿಹೋಗುತ್ತದೆಯಲ್ಲವೇ ಎಂಬುದು. ಇದೇ ಲೆಕ್ಕವನ್ನು ನಾನು 2011ರಲ್ಲಿ ಹಾಕಿದ್ದೆ.

ಆಗ ನಾನು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿದ್ದೆ. 2010ರ ಅಕ್ಟೋಬರ್‌ನಲ್ಲಿ ಲಾಜಿಟೆಕ್ ಕಂಪನಿಯು ಗೂಗಲ್ ಟಿವಿ ತಂತ್ರಾಂಶವಿದ್ದ ರೆವ್ಯೂ ಎಂಬ ಪೆಟ್ಟಿಗೆಯನ್ನು 299 ಡಾಲರ್‌ಗೆ ಮಾರಾಟಕ್ಕೆ ಬಿಟ್ಟಿತು. ಒಳಗೆ ಇಂಟೆಲ್‌ನ ಆ್ಯಟಮ್ ಚಿಪ್, ಜೊತೆಗೆ ತೊಡೆಯ ಮೇಲಿಟ್ಟುಕೊಳ್ಳುವಂತಹ ಪೂರ್ಣ ಕೀಬೋರ್ಡ್. ಅದಕ್ಕೆ ತಿಂಗಳ ಹಿಂದಷ್ಟೇ ಆ್ಯಪಲ್ ತನ್ನ ಎರಡನೆಯ ತಲೆಮಾರಿನ ಆ್ಯಪಲ್ ಟಿವಿ ಎಂಬ ಇಂತಹದೇ ಪೆಟ್ಟಿಗೆಯನ್ನು 99 ಡಾಲರ್‌ಗೆ ತಂದಿತ್ತು. ರೋಕು ಕಂಪನಿಯ ಕೆಲವು ಪೆಟ್ಟಿಗೆಗಳು ಅದಕ್ಕಿಂತಲೂ ಅಗ್ಗವಾಗಿದ್ದವು. ಮೂರು ಪಟ್ಟು ಹಣ ಕೊಟ್ಟು ನಾನು ರೆವ್ಯೂವನ್ನೇ ತಂದದ್ದಕ್ಕೆ ಕಾರಣವಿತ್ತು. ಅದರಲ್ಲಿ ಕ್ರೋಮ್ ಬ್ರೌಸರ್ ಇತ್ತು. ಬ್ರೌಸರ್ ಇದ್ದ ಮೇಲೆ ಟಿವಿ ವಾಹಿನಿಗಳ ಜಾಲತಾಣಗಳಲ್ಲಿ ಉಚಿತವಾಗಿ ಸಿಗುವುದೆಲ್ಲವೂ ದೊಡ್ಡ ಪರದೆಯ ಮೇಲೆ ಬರುತ್ತದೆ, ಕೇಬಲ್ ಸಂಪರ್ಕವನ್ನು ಕಡಿದುಹಾಕಬಹುದು ಎಂದು ನಾನು ಎಣಿಸಿದ್ದೆ. ಅದೇ ತಿಂಗಳು ಎಬಿಸಿ, ಸಿಬಿಎಸ್, ಎನ್‌ಬಿಸಿ ಮೂರೂ ವಾಹಿನಿಗಳು ಗೂಗಲ್ ಟಿವಿಯಿಂದ ಬರುವ ಬ್ರೌಸರ್‌ಗೆ ತಮ್ಮ ಕಾರ್ಯಕ್ರಮಗಳನ್ನು ಕೊಡದೆ ಬಾಗಿಲು ಹಾಕಿದವು. ಲ್ಯಾಪ್‌ಟಾಪಿಗೆ ಸಿಗುವ ಅದೇ ವಿಡಿಯೋ ಟಿವಿಗೆ ಸಿಗಬಾರದು ಎಂಬುದು ಅವರ ವ್ಯವಹಾರದ ಲೆಕ್ಕ. ನಮ್ಮ ಮನೆಯಲ್ಲಿ ಪೆಟ್ಟಿಗೆಯ ಕೆಲಸ ನೆಟ್‌ಫ್ಲಿಕ್ಸ್‌ಗೂ ಯೂಟ್ಯೂಬಿನ ಯಕ್ಷಗಾನಕ್ಕೂ ಸೀಮಿತವಾಯಿತು, ಮತ್ತು ಆ ಎರಡಕ್ಕೆ 99 ಡಾಲರ್‌ನ ಪೆಟ್ಟಿಗೆಯೇ ಸಾಕಾಗಿತ್ತು.

2011ರ ಮೊದಲರ್ಧದಲ್ಲಿ ಬೆಲೆ 249ಕ್ಕೆ ಇಳಿದಾಗ ಸ್ವಲ್ಪ ಕಸಿವಿಸಿಯಾಯಿತಷ್ಟೇ. ಜುಲೈ ಕೊನೆಯಲ್ಲಿ ಅದನ್ನು ಒಮ್ಮೆಗೇ 99ಕ್ಕೆ ಇಳಿಸುವುದಾಗಿ ಕಂಪನಿ ಪ್ರಕಟಿಸಿದಾಗ ಮಾತ್ರ ನಮ್ಮ ಕನ್ನಡದ ಗೆಳೆಯರ ಗುಂಪಿನಲ್ಲಿ ದೊಡ್ಡ ಗದ್ದಲವೇ ಎದ್ದಿತು. ಆಗ ನಾನು ಕಂಡ ಒಂದು ಸಂಗತಿ ನಿಮ್ಮ ಸಿಟ್ಟಿಗೂ ಅನ್ವಯಿಸುತ್ತದೆ. ಮೊದಲ ದಿನಗಳಲ್ಲೇ 299 ಕೊಟ್ಟಿದ್ದ ನಮಗೆ 200 ಡಾಲರ್ ವ್ಯತ್ಯಾಸವಾಗಿತ್ತು, ಆದರೂ ನಾವು ಗೊಣಗಿ ಸುಮ್ಮನಾದೆವು. ತೀರ ಇತ್ತೀಚೆಗೆ 249 ಕೊಟ್ಟು 150 ಮಾತ್ರ ಕಳೆದುಕೊಂಡವರು ಕೆಂಡಾಮಂಡಲವಾಗಿದ್ದರು. ಅವರ ಕೋಪ ಹೋದ ಹಣದ ಪ್ರಮಾಣಕ್ಕೆ ಸಂಬಂಧಿಸಿರಲಿಲ್ಲ, ಬಿಲ್ಲಿನ ಮೇಲಿದ್ದ ತಾರೀಕಿಗೆ ಸಂಬಂಧಿಸಿತ್ತು. ಇನ್ನು ಅದುವರೆಗೆ ಕೊಳ್ಳದೆ ನಮ್ಮನ್ನು ಹಾಸ್ಯಮಾಡುತ್ತಿದ್ದವರು, ಅದರಿಂದ ಏನು ಉಪಯೋಗವೆಂದು ಕೂಡ ಕೇಳದೆ, ಅಂಗಡಿಗೆ ಓಡಿದರು. ನಾನೂ ಹಳೆಯ ಬಿಲ್ ಹುಡುಕಿಕೊಂಡು ನನಗೆ ಮಾರಿದ ಅಂಗಡಿಗೆ ಹೋದೆ. ಬೆಲೆ ವ್ಯತ್ಯಾಸವನ್ನು ಹಿಂದಿರುಗಿಸುವ ಅವಧಿ ಎಂದೋ ಮುಗಿದಿದೆಯೆಂದು ಅಲ್ಲಿನ ಹುಡುಗಿ ಸೌಜನ್ಯದಿಂದಲೇ ಹೇಳಿದಳು. ಅವಳ ಬೆನ್ನ ಹಿಂದೆ ಅದೇ ಪೆಟ್ಟಿಗೆಗಳು 99ರ ಚೀಟಿ ಹೊತ್ತು ಸಾಲಾಗಿ ಕುಳಿತಿದ್ದವು. ಹೊರಬರುವಾಗ ನನ್ನ ಕೈಯಲ್ಲಿ ಎರಡು ಪೆಟ್ಟಿಗೆಗಳಿದ್ದವು.

ಆ ಎರಡು ಪೆಟ್ಟಿಗೆಗಳನ್ನು ನಾನು ಏಕೆ ಕೊಂಡೆನೆಂಬುದನ್ನು ಸ್ವಲ್ಪ ದೀರ್ಘವಾಗಿಯೇ ಹೇಳುತ್ತೇನೆ, ಏಕೆಂದರೆ ನೀವು ನಿಂತಿರುವುದು ಸರಿಯಾಗಿ ಅಲ್ಲಿಯೇ. ಆ ಕಾಲದಲ್ಲಿ ನಾನು ಷೇರು ವ್ಯವಹಾರ ಮಾಡುತ್ತಿದ್ದೆ. ಕೊಂಡ ಷೇರು ಬಿದ್ದರೆ ಕೆಳಗಿನ ಬೆಲೆಗೆ ಇನ್ನಷ್ಟು ಕೊಂಡು ಸರಾಸರಿಯನ್ನು ಇಳಿಸುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಉಪಾಯ. ಅದೇ ಅಭ್ಯಾಸಬಲದಿಂದ 299ಕ್ಕೆ 99 ಮತ್ತು 99 ಕೂಡಿಸಿ ಮೂರರಿಂದ ಭಾಗಿಸಿದೆ. ಒಂದಕ್ಕೆ 166 ಡಾಲರ್ ಬಿದ್ದಂತಾಯಿತು, ಮನಸ್ಸಿಗೆ ಸಮಾಧಾನವಾಯಿತು. ಸರಾಸರಿ ಇಳಿದದ್ದು ನಿಜ. ಆದರೆ ನನ್ನ ಜೇಬಿನಿಂದ ಹೋದ ಹಣ 299ರಿಂದ 497ಕ್ಕೆ ಏರಿತ್ತು. ಷೇರಿನಲ್ಲಿ ಸರಾಸರಿ ಮಾಡುವುದಕ್ಕೆ ಏನಾದರೂ ಅರ್ಥವಿದ್ದರೆ ಅದು ಹಳೆಯ ಷೇರೂ ಹೊಸ ಷೇರೂ ಮುಂದೊಂದು ದಿನ ಒಂದೇ ಬೆಲೆಗೆ ಮಾರಾಟವಾಗುತ್ತವೆ ಎಂಬ ಕಾರಣದಿಂದ. ಟಿವಿ ಪೆಟ್ಟಿಗೆಯನ್ನು ಯಾರೂ ಮಾರಲು ಕೊಳ್ಳುವುದಿಲ್ಲ. ಮೂರನೆಯ ಪೆಟ್ಟಿಗೆ ಅಗ್ಗವಾಗಿ ಬಂದುದರಿಂದ ಮೊದಲನೆಯದರಲ್ಲಿ ಕಾಣದ ವಾಹಿನಿಯೊಂದು ಕಾಣಿಸತೊಡಗುವುದಿಲ್ಲ.

ಇಷ್ಟು ಸರಳವಾದದ್ದು ಆಗ ಹೊಳೆಯಲಿಲ್ಲವೇಕೆ? ನನ್ನ ತಲೆಯಲ್ಲಿ 299 ಎಂಬುದು ನಾನು ಕೊಟ್ಟ ಬೆಲೆಯಾಗಿ ಉಳಿದಿರಲಿಲ್ಲ, ಪೆಟ್ಟಿಗೆಯ ನಿಜವಾದ ಮೌಲ್ಯವೇ ಅಷ್ಟು ಎಂದು ಬೇರೂರಿತ್ತು. ಹಾಗೆ ನೋಡಿದಾಗ 99ಕ್ಕೆ ತಂದ ಒಂದೊಂದು ಪೆಟ್ಟಿಗೆಯಲ್ಲೂ 200 ಡಾಲರ್ ಲಾಭವಿತ್ತು. ಎರಡು ತಂದರೆ 400 ಲಾಭ, ಅದರಲ್ಲಿ ಹಳೆಯ 200ರ ನಷ್ಟ ತೀರಿ ಇನ್ನೂ 200 ಉಳಿಯುತ್ತಿತ್ತು. ಬೆಲೆ ಇಳಿಕೆ ನನಗೆ ತಾಗಿದ್ದು ಹೀಗೆ, ಯಾರೋ ಕೊಡಬೇಕಾಗಿದ್ದ ಪರಿಹಾರವನ್ನು ನಾನೇ ಹೋಗಿ ವಸೂಲಿ ಮಾಡಿದಂತೆ. ಪೆಟ್ಟಿಗೆ ಯಾರಿಗೆ ಬೇಕಾಗಿದೆ ಎಂಬ ಪ್ರಶ್ನೆ ಬಂದದ್ದು ಹಣ ಕೊಟ್ಟಾದ ಮೇಲೆ.

ಬೆಲೆ ಏಕೆ ಇಳಿಯಿತೆಂಬುದು ಗುಟ್ಟಾಗಿಯೂ ಇರಲಿಲ್ಲ. ಬೆಲೆ ಇಳಿಸುವ ಮಾತು ಬಂದದ್ದೇ ಕಂಪನಿಯ ತ್ರೈಮಾಸಿಕ ಫಲಿತಾಂಶದ ಜೊತೆಯಲ್ಲಿ. ಆ ಮೂರು ತಿಂಗಳಲ್ಲಿ ಮಾರಾಟವಾದ ರೆವ್ಯೂಗಳಿಗಿಂತ ಹಿಂದಿರುಗಿ ಬಂದವೇ ಹೆಚ್ಚು, ಬೆಲೆ ಇಳಿಕೆಯ ಬಾಬ್ತಿಗೆ ಸುಮಾರು 3.4 ಕೋಟಿ ಡಾಲರ್ ನಷ್ಟವೆಂದು ಬರೆದುಹಾಕಲಾಗಿದೆ, ಮುಖ್ಯ ಕಾರ್ಯನಿರ್ವಾಹಕ ಜೆರಾಲ್ಡ್ ಕ್ವಿಂಡ್ಲನ್ ಹುದ್ದೆ ಬಿಡುತ್ತಿದ್ದಾರೆ ಎಂಬುದೆಲ್ಲ ಒಂದೇ ಸುದ್ದಿಯಲ್ಲಿತ್ತು. ನಾನು ಅದನ್ನು ಕಂಪನಿಯ ಒಳಜಗಳದ ಕಥೆಯಂತೆ ಓದಿ, 99 ಎಂಬ ಸಂಖ್ಯೆಯನ್ನು ಮಾತ್ರ ನೆನಪಿಟ್ಟುಕೊಂಡೆ. ಸಂತೆ ಮುಗಿಯುವ ಹೊತ್ತಿಗೆ ಸೊಪ್ಪಿನ ಬೆಲೆ ಏಕೆ ಇಳಿಯುತ್ತದೆಂದು ನನಗೆ ಚಿಕ್ಕಂದಿನಿಂದ ಗೊತ್ತು. ಎಲೆಕ್ಟ್ರಾನಿಕ್ ಸಾಮಾನಿಗೂ ಸಂತೆ ಮುಗಿಯುವ ಹೊತ್ತು ಇರುತ್ತದೆಂಬುದು ತಲೆಗೆ ಹೋಗಿರಲಿಲ್ಲ. ಅದೇ ನವೆಂಬರ್‌ನಲ್ಲಿ ಲಾಜಿಟೆಕ್‌ನ ಅಧ್ಯಕ್ಷ ಗುವೆರ್ರಿನೊ ಡಿ ಲೂಕಾ ಅವರು ಈ ಪ್ರಯೋಗದಲ್ಲಿ 10 ಕೋಟಿ ಡಾಲರ್‌ಗೂ ಹೆಚ್ಚು ಕಳೆದುಕೊಂಡಿದ್ದೇವೆ, ಇನ್ನೊಂದು ಪೆಟ್ಟಿಗೆ ಮಾಡುವ ಯೋಚನೆಯಿಲ್ಲ ಎಂದು ಹೂಡಿಕೆದಾರರೆದುರು ಒಪ್ಪಿಕೊಂಡರು. ನ್ಯಾಯವಾಗಿ ಹೇಳಬೇಕೆಂದರೆ ಡಿಸೆಂಬರ್‌ನಲ್ಲಿ ಹೊಸ ತಂತ್ರಾಂಶ ಬಂದು, ಆ್ಯಪ್ ಅಂಗಡಿಯೂ ತೆರೆದು, ಪೆಟ್ಟಿಗೆ ಮೊದಲಿಗಿಂತ ಉತ್ತಮವಾಯಿತು. ಆದರೆ ಇಂಟೆಲ್ ಅಷ್ಟರಲ್ಲಿ ಟಿವಿ ಚಿಪ್ಪಿನ ಕೆಲಸದಿಂದ ಹಿಂದೆ ಸರಿದಿತ್ತು, ಮುಂದಿನ ಗೂಗಲ್ ಟಿವಿಗಳು ಬೇರೆ ಬಗೆಯ ಚಿಪ್ಪಿಗೆ ಹೋದವು.

ನನ್ನ ಎರಡು ಪೆಟ್ಟಿಗೆಗಳಲ್ಲಿ ಒಂದನ್ನು ಷಿಕಾಗೋದಲ್ಲಿದ್ದ ಚಿಕ್ಕಮ್ಮನ ಮಗನಿಗೆ ಕಳಿಸಿದೆ. ಅವನ ಮನೆಯಲ್ಲಿ ಆಗಲೇ ರೋಕು ಇತ್ತು, ಥ್ಯಾಂಕ್ಸ್ ಹೇಳಿ ಕಪಾಟಿನಲ್ಲಿಟ್ಟ. ಇನ್ನೊಂದನ್ನು ಊರಿಗೆ ಹೋಗುವಾಗ ದಾವಣಗೆರೆಗೆ ಹೊತ್ತೊಯ್ದೆ. ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದನ್ನ ಎಲ್ಲಿ ಸಿಗಿಸ್ಬೇಕಪ್ಪಾ?" ಎಂದರು. ರೆವ್ಯೂಗೆ ಹೊಸ ಟಿವಿಗಳಲ್ಲಿರುವ ಎಚ್‌ಡಿಎಂಐ ಎಂಬ ಕೇಬಲ್ ಬಿಟ್ಟು ಟಿವಿಗೆ ಚಿತ್ರ ಕಳಿಸುವ ಬೇರೆ ದಾರಿಯಿಲ್ಲ. ನಮ್ಮ ಮನೆಯಲ್ಲಿದ್ದದ್ದು ಹಿಂಬದಿಯಲ್ಲಿ ಕೆಂಪು, ಬಿಳಿ, ಹಳದಿ ತೂತುಗಳಿದ್ದ ಪಿಕ್ಚರ್ ಟ್ಯೂಬ್ ಟಿವಿ, ಅದನ್ನು ಕೊಡಿಸಿದವನೂ ನಾನೇ. ಅಲ್ಲಿಗಾದರೂ ನಿಲ್ಲಬೇಕಿತ್ತು. 99 ಡಾಲರ್‌ನ ಪೆಟ್ಟಿಗೆ ದಂಡವಾಗಬಾರದೆಂದು ಮರುದಿನವೇ ಹೊಸ ಎಲ್‌ಸಿಡಿ ಟಿವಿ ತಂದೆ. ಆಮೇಲೆ ನೋಡಿದರೆ ಮನೆಯ ಇಂಟರ್ನೆಟ್ ವೇಗಕ್ಕೆ ವಿಡಿಯೋ ನಿಮಿಷಕ್ಕೊಮ್ಮೆ ನಿಲ್ಲುತ್ತಿತ್ತು. ನೆಟ್‌ಫ್ಲಿಕ್ಸ್ ಭಾರತಕ್ಕೆ ಬಂದದ್ದೇ 2016ರ ಜನವರಿಯಲ್ಲಿ. ಅಪ್ಪ ಹೊಸ ಟಿವಿಯಲ್ಲಿ ಕೇಬಲ್ಲಿನವನು ಕೊಡುತ್ತಿದ್ದ ವಾಹಿನಿಗಳನ್ನೇ ಸಂತೋಷದಿಂದ ನೋಡಿದರು. ಅಗ್ಗವಾಗಿ ಸಿಕ್ಕ ಪೆಟ್ಟಿಗೆಯೊಂದು ನನ್ನಿಂದ ಅದರ ಹಲವು ಪಟ್ಟು ಬೆಲೆಯ ಟಿವಿ ಕೊಳ್ಳಿಸಿತ್ತು.

ಇಷ್ಟಾದ ಮೇಲೆ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನೀವು ಮೋಸಹೋಗಿಲ್ಲ, ಮೋಸ ಎಂಬ ಮಾತೇ ಇಲ್ಲಿ ಹೊಂದುವುದಿಲ್ಲ. ನೀವು ಒಪ್ಪಿದ ಬೆಲೆಗೆ ವಸ್ತು ಸಿಕ್ಕಿದೆ, ಮೊನ್ನೆಯವರೆಗೆ ಅದರಿಂದ ತೃಪ್ತರೂ ಆಗಿದ್ದಿರಿ ಎಂದು ನೀವೇ ಬರೆದಿದ್ದೀರಿ. ಕಂಪನಿಗಳು ಹಳೆಯ ಗ್ರಾಹಕರಿಗೆ ವ್ಯತ್ಯಾಸವನ್ನು ತುಂಬಿಕೊಡಬೇಕೆಂದು ಹೇಳುವವರು 2007ರ ಐಫೋನಿನ ಉದಾಹರಣೆ ಕೊಡುತ್ತಾರೆ: ಜೂನ್ ಕೊನೆಗೆ 599 ಡಾಲರ್‌ಗೆ ಬಂದ ಫೋನು ಸೆಪ್ಟೆಂಬರ್ ಮೊದಲ ವಾರದಲ್ಲೇ 399 ಆದಾಗ ಕೊಂಡವರು ಸಿಟ್ಟಿಗೆದ್ದು ನೂರಾರು ಇಮೇಲ್ ಬರೆದರು, ಸ್ಟೀವ್ ಜಾಬ್ಸ್ ಬಹಿರಂಗ ಪತ್ರ ಬರೆದು ಅವರಿಗೆ ತಮ್ಮ ಅಂಗಡಿಯಲ್ಲಿ ಬಳಸಬಹುದಾದ 100 ಡಾಲರ್ ಕೊಡಿಸಿದರು. ಅದು ಅಪವಾದ; ಕೊಟ್ಟದ್ದು ವ್ಯತ್ಯಾಸದ ಅರ್ಧ, ಅದೂ ಅವರ ಅಂಗಡಿಯಲ್ಲೇ ಖರ್ಚು ಮಾಡುವುದಕ್ಕೆ.

ನೀವು ಕೇಳಬೇಕಾದದ್ದು ಬೆಲೆ ಏಕೆ ಇಳಿಯಿತು ಎಂದು. ಆ್ಯಪಲ್ ಟಿವಿಯ ಬೆಲೆಯೇ ಎರಡು ಬಾರಿ ಎರಡು ಬೇರೆ ಕಾರಣಗಳಿಗೆ ಇಳಿದಿದೆ. 2008ರ ಜನವರಿಯಲ್ಲಿ ಮೊದಲ ಪೆಟ್ಟಿಗೆ 299ರಿಂದ 229ಕ್ಕೆ ಇಳಿದಾಗ ಸಿನಿಮಾ ಬಾಡಿಗೆಗೆ ಪಡೆಯುವ ಹೊಸ ತಂತ್ರಾಂಶವೂ ಬಂತು, ಅದನ್ನು ಹಳೆಯ ಬೆಲೆ ಕೊಟ್ಟವರಿಗೂ ಉಚಿತವಾಗಿ ಕೊಟ್ಟರು; ಅಂದರೆ ಅವರ ಪೆಟ್ಟಿಗೆ ಮೊದಲಿಗಿಂತ ಮೇಲಾಯಿತು. 2015ರ ಮಾರ್ಚ್‌ನಲ್ಲಿ ಮೂರನೆಯ ತಲೆಮಾರಿನದು 99ರಿಂದ 69ಕ್ಕೆ ಇಳಿಯಿತು. ಎಚ್‌ಬಿಒ ವಾಹಿನಿಯ ಕಾರ್ಯಕ್ರಮಗಳನ್ನು ಇಂಟರ್ನೆಟ್ ಮೂಲಕ ಕೊಡುವ ಎಚ್‌ಬಿಒ ನೌ ಸೇವೆಯ ಘೋಷಣೆಯ ಜೊತೆಗೆ ಅದು ಬಂದುದರಿಂದ ಎಲ್ಲರ ಗಮನ ಅತ್ತ ಹೋಯಿತು, ಆದರೆ ಆ ಯಂತ್ರ 2012ರದ್ದು. ಆರು ತಿಂಗಳ ಬಳಿಕ ಆ್ಯಪ್ ಅಂಗಡಿ ಇರುವ ನಾಲ್ಕನೆಯ ತಲೆಮಾರು 149 ಡಾಲರ್‌ಗೆ ಪ್ರಕಟವಾಯಿತು, 69 ಕೊಟ್ಟವರ ಪೆಟ್ಟಿಗೆಗೆ ಆ ಅಂಗಡಿ ಬರಲೇ ಇಲ್ಲ. ಆ ಬಾರಿ ನಾನು ಕೊಳ್ಳಲಿಲ್ಲ. ಜಾಣತನದಿಂದಲ್ಲ, ಮನೆಯಲ್ಲಿ ಹೆಂಡತಿ ಬಿಡಲಿಲ್ಲ.

ನಿಮ್ಮದು ಹಬ್ಬದ ಮಾರಾಟದ ಇಳಿಕೆಯಾಗಿದ್ದರೆ ವಿಷಯ ಇನ್ನೂ ಸುಲಭ. ಭಾರತದಲ್ಲಿ ಅಮೆಜಾನ್‌ನ ಫೈರ್ ಟಿವಿ ಸ್ಟಿಕ್ 2017ರ ಏಪ್ರಿಲ್‌ನಲ್ಲಿ 3,999 ರೂಪಾಯಿಗೆ ಬಂದಾಗಿನಿಂದಲೂ ಇಂತಹ ಸಾಧನಗಳ ಬೆಲೆ ಮಾರಾಟದ ದಿನಗಳಲ್ಲಿ ಇಳಿದು, ಆಮೇಲೆ ಏರುವುದು ನಡೆದೇ ಇದೆ. ಇಲ್ಲಿ ಗೀಟು ಎಳೆದು ತೋರಿಸುವ ಎಂಆರ್‌ಪಿಗೆ ಹೋಲಿಸಿ ನೀವು ಲಾಭವನ್ನು ಎಣಿಸಿದರೆ ನನ್ನ 299ರ ಭ್ರಮೆಯೇ ನಿಮಗೂ ಹಿಡಿಯುತ್ತದೆ. ಸಾಧನ ಮಾರುವವರು ಇಷ್ಟು ಇಳಿಸಿ ಕೊಡುವುದು ಚಂದಾ ಮತ್ತು ಜಾಹೀರಾತಿನಿಂದ ಮುಂದೆ ಬರುವ ಹಣ ನೋಡಿ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಬೆಲೆ ಇಳಿಕೆಯನ್ನು ಉಡುಗೊರೆಯೆಂದೂ ತಿಳಿಯಬೇಡಿ, ಅಪಮಾನವೆಂದೂ ತಿಳಿಯಬೇಡಿ.

ಹಿಂದಿರುಗಿಸುವ ಅವಧಿ ಇನ್ನೂ ಇದ್ದು, ಕಾರಣ ಕೇಳದೆ ಹಣ ಕೊಡುವ ನಿಯಮವಿದ್ದರೆ ಹಿಂದಿರುಗಿಸಿ ಹೊಸ ಬೆಲೆಗೆ ಕೊಳ್ಳಿ, ಅದರಲ್ಲಿ ಸಂಕೋಚ ಬೇಡ. ಆದರೆ ದೋಷವಿದ್ದರೆ ಬದಲಿ ಕೊಡುತ್ತೇವೆ ಎಂಬ ನಿಯಮವಷ್ಟೇ ಇರುವ ಕಡೆ ಸುಳ್ಳು ದೋಷ ಹೇಳಿ ಓಡಾಡುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಅವಧಿ ಮುಗಿದಿದ್ದರೆ ಬೆಲೆ ನೋಡುವುದನ್ನೇ ನಿಲ್ಲಿಸಿ. ಮಾವನವರ ಮನೆಗೆ ಕೊಳ್ಳುವ ವಿಚಾರದಲ್ಲಿ ನಿಮ್ಮ ಮೊದಲ ಸಾಧನದ ಬಿಲ್ಲನ್ನು ಲೆಕ್ಕಕ್ಕೆ ತರಲೇಬೇಡಿ. ಅದನ್ನು ಕೊಂಡೇ ಇರಲಿಲ್ಲವೆಂದುಕೊಂಡು, ಇಂದಿನ ಬೆಲೆಗೆ ಅವರಿಗೆ ಅದು ಬೇಕೇ ಎಂದು ಯೋಚಿಸಿ. ಇವತ್ತು ಸಂಜೆ ಅವರಿಗೇ ಫೋನ್ ಮಾಡಿ: ಟಿವಿಯ ಹಿಂದೆ ಎಚ್‌ಡಿಎಂಐ ತೂತು ಖಾಲಿ ಇದೆಯೇ, ಟಿವಿ ಇಟ್ಟಿರುವ ಕೋಣೆಯಲ್ಲಿ ವೈ-ಫೈ ಸಿಗುತ್ತದೆಯೇ, ಟಿವಿಯ ಜೊತೆ ಬಂದ ರಿಮೋಟಿನಲ್ಲಿಯೇ ಯೂಟ್ಯೂಬ್ ಗುಂಡಿ ಇದೆಯೇ ಎಂದು ಕೇಳಿ. ಕೊನೆಯದಕ್ಕೆ ಹೌದೆಂದರೆ ಅವರ ಟಿವಿಯೇ ಸ್ಮಾರ್ಟ್ ಟಿವಿ; ಅದಕ್ಕೆ ಇಂಟರ್ನೆಟ್ ಜೋಡಿಸಿಕೊಟ್ಟು ಬನ್ನಿ, ಇನ್ನೊಂದು ಸಾಧನ ಎಷ್ಟು ಅಗ್ಗವಾದರೂ ಅವರಿಗೆ ಬೇಕಾಗಿಲ್ಲ.