ಅವ್ವಗೆ ಹೇಳಲಾ, ಆಣೆ ಉಳಿಸಿಕೊಳ್ಳಲಾ?

ಪ್ರಶ್ನೆ: ನಾನು ಕಲಬುರಗಿಯವಳು. ಡಿಗ್ರಿ ಓದುವ ತಂಗಿಗೆ 19 ವರ್ಷ. ದೀಪಾವಳಿ ಹೊತ್ತಿಗೆ ಕನ್ಯಾ ನೋಡಲು ಬಂದವರು "ಹುಡುಗಿ ಜರಾ ದಪ್ಪ ಅದಾಳ್ರಿ" ಎಂದು ಹೋದರು. ಅಂದಿನಿಂದ ಹಗಲೆಲ್ಲ ಬರೀ ಅರ್ಧ ರೊಟ್ಟಿ. ರಾತ್ರಿ ಎಲ್ಲರೂ ಮಲಗಿದ ಮೇಲೆ ಡಬ್ಬಿಗಟ್ಟಲೆ ಶೇಂಗಾ ಹೋಳಿಗೆ, ಚುರುಮುರಿ ತಿಂದು, ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ವಾಂತಿ ಮಾಡುತ್ತಾಳೆ. ತೂಕ ಮಾತ್ರ ಇಳಿದಿಲ್ಲ. ಅವ್ವಗೆ ಹೇಳಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ. ಏನು ಮಾಡಲಿ?

ಉತ್ತರ: ಸುಮ್ಮನಿರಬೇಡಿ ತಾಯಿ. ಹಾಗಂತ ಇವತ್ತೇ ಅವ್ವನ ಹತ್ತಿರ ಓಡಲೂ ಬೇಡಿ. ಮೊದಲು ತಂಗಿಯ ಜೊತೆ ಮಾತಾಡಿ.

ನೀವು ಬರೆದಿರುವುದು ಬುಲಿಮಿಯಾ ಎಂಬ ಕಾಯಿಲೆಯ ಹಾಗಿದೆ. ಖಚಿತವಾಗಿ ಡಾಕ್ಟರೇ ಹೇಳಬೇಕು. ಹಗಲೆಲ್ಲ ಹಸಿದ ದೇಹ ರಾತ್ರಿ ತಡೆಯಲಾರದೆ ಮುಗಿಬಿದ್ದು ತಿನ್ನಿಸುತ್ತದೆ. ತಿಂದ ಮೇಲೆ ನಾಚಿಕೆ, ಭಯ, ವಾಂತಿ. ಬೆಳಗಾದರೆ ಮತ್ತೆ ಉಪವಾಸ. ವಾಂತಿಯಲ್ಲಿ ತಿಂದದ್ದೆಲ್ಲ ಹೊರಗೆ ಬರಲ್ಲ, ಅದಕ್ಕೇ ತೂಕ ಇಳಿಯಲ್ಲ. ಊಟ ಬಿಟ್ಟು ಎಲುಬು ಕಾಣುವಷ್ಟು ಸೊರಗುವ ಅನೊರೆಕ್ಸಿಯಾ ಆಗಿದ್ದರೆ ಮನೆಯವರ ಕಣ್ಣಿಗೆ ಎಂದೋ ಬೀಳುತ್ತಿತ್ತು. ಇದು ಬೀಳಲ್ಲ.

ಅವಳ ಬೆರಳಿನ ಗೆಣ್ಣು ನೋಡಿದ್ದೀರಾ? ಗಂಟಲಿಗೆ ಬೆರಳು ಹಾಕುವಾಗ ಹಲ್ಲು ತಾಗಿ ತಾಗಿ ಅಲ್ಲಿ ಕಲೆ ಬೀಳಬಹುದು. ಕೆಲವರಿಗೆ ಕಿವಿಯ ಕೆಳಗಿನ ಗ್ರಂಥಿ ಊದಿ ಮುಖ ಇನ್ನೂ ದುಂಡಗೆ ಕಾಣುತ್ತದೆ. ಪಾಪ, ಕನ್ನಡಿ ನೋಡಿದ ಹುಡುಗಿ ಜಾಸ್ತಿ ದಪ್ಪಾದೆ ಅಂದುಕೊಂಡು ಮತ್ತೆ ಬಚ್ಚಲಿಗೆ ಹೋಗುತ್ತಾಳೆ. ನನಗೆ ಬಹಳ ಸಂಕಟವಾಗುವುದು ಇದಕ್ಕೇ. ಹೊಟ್ಟೆಯ ಆಮ್ಲ ಹಲ್ಲನ್ನೂ ಸವೆಸುತ್ತದೆ. ವಾಂತಿ ಆದ ತಕ್ಷಣ ಬ್ರಷ್ ಮಾಡದೆ ಬರೀ ನೀರಿನಿಂದ ಬಾಯಿ ಮುಕ್ಕಳಿಸಲು ಹೇಳಿ. ಎಲ್ಲಕ್ಕಿಂತ ದೊಡ್ಡ ಭಯ ಪೊಟ್ಯಾಸಿಯಂ ಎಂಬ ಲವಣದ್ದು. ಪದೇ ಪದೇ ವಾಂತಿಯಾಗಿ ರಕ್ತದಲ್ಲಿ ಅದು ತೀರಾ ಇಳಿದರೆ ಎದೆಬಡಿತ ತಪ್ಪಿ ಜೀವಕ್ಕೇ ಕುತ್ತು ಬರಬಹುದು. ಇಲ್ಲಿ ಆಣೆ ನಡೆಯಲ್ಲ.

ಊಟದ ಹೊತ್ತಲ್ಲಿ ಈ ಮಾತು ಬೇಡ. ಸಂಜೆ ಮಾಳಿಗೆ ಮೇಲೆ ಇಬ್ಬರೇ ಕೂತಾಗ, "ನಿನಗ ಬೈಯಲ್ಲ, ನನಗ ಅಂಜಿಕಿ ಬಂದದ, ಇಬ್ರೂ ಕೂಡಿ ದವಾಖಾನಿಗಿ ಹೋಗಮು" ಅನ್ನಿ. ಅವ್ವಗೆ ತಾನೇ ಹೇಳುತ್ತಾಳೋ, ನೀವು ಹೇಳಬೇಕೋ ಅವಳೇ ಆರಿಸಲಿ. ಒಂದು ವಾರ ಕೊಡಿ. ಆಗಲೂ ಒಪ್ಪದಿದ್ದರೆ, ಹೇಳುತ್ತೇನೆ ಅಂತ ಅವಳಿಗೆ ತಿಳಿಸಿಯೇ ಅವ್ವಗೆ ಹೇಳಿ. ತಲೆಸುತ್ತಿ ಬಿದ್ದರೆ, ಎದೆಬಡಿತ ಏರುಪೇರಾದರೆ, ವಾಂತಿಯಲ್ಲಿ ರಕ್ತ ಕಂಡರೆ ವಾರ ಕಾಯಬೇಡಿ, ಆ ಕ್ಷಣವೇ ಎಮರ್ಜೆನ್ಸಿಗೆ ಕರೆದೊಯ್ಯಿರಿ.

ನಿಮ್ಮೂರಿನ ಸರ್ಕಾರಿ ಆಸ್ಪತ್ರೆ ಜಿಮ್ಸ್‌ನಲ್ಲೇ ಮನೋರೋಗ ವಿಭಾಗ ಇದೆ. ರಕ್ತ ಪರೀಕ್ಷೆ, ಇಸಿಜಿ ಮಾಡಿಸಿ. ಇದಕ್ಕೆ ಮಾತಿನ ಚಿಕಿತ್ಸೆ ಇದೆ, ಬೇಕಾದರೆ ಮಾತ್ರೆಯೂ ಇದೆ. ಬಹಳ ಜನ ಗುಣವಾಗುತ್ತಾರೆ. ಹೋಗಲು ಹಿಂಜರಿದರೆ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಅವ್ವ ದೃಷ್ಟಿ ತೆಗೆಯುತ್ತೇನೆ ಅಂದರೆ ತೆಗೆಯಲಿ, ಜಗಳ ಬೇಡ. ಕನ್ಯಾ ತೋರಿಸುವುದನ್ನು ಮಾತ್ರ ಸದ್ಯಕ್ಕೆ ನಿಲ್ಲಿಸಲು ಹೇಳಿ. ಬೆಳಿಗ್ಗೆ ರೊಟ್ಟಿ ಬಡಿಯುವಾಗ ತಂಗಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು ಬಿಸಿಬಿಸಿ ಬಡಿಸಿ. ಎಷ್ಟು ತಿಂದಳು ಅಂತ ಎಣಿಸಬೇಡಿ. ಉಂಡ ಮೇಲೆ ಅರ್ಧ ತಾಸು ಅವಳ ಜೊತೆ ಏನಾದರೂ ಮಾತಾಡುತ್ತಾ ಕೂತಿರಿ.