ಕಾಗದದ ಹೂವು ಮಾಡುವ ವಿಧಾನವನ್ನೂ ಎಲ್ಲರಿಗೆ ತೋರಿಸಬೇಕಾ?

ನಿಮ್ಮ ಪ್ರಶ್ನೆ ಇದು: ಕಾಗದದಲ್ಲಿ ಹೂವು, ತೋರಣ ಮಾಡುತ್ತೀರಿ. ಮಾಡಿದ್ದನ್ನಷ್ಟೇ ಜನರಿಗೆ ತೋರಿಸಿದರೆ ಸಾಕಾ, ಮಾಡುವ ವಿಧಾನವನ್ನೂ ಹೇಳಿಕೊಡಬೇಕಾ? ಬೇರೆಯವರು ನಕಲು ಮಾಡಿ ಮಾರಿದರೆ ಏನು ಮಾಡೋದು?

ಹೇಳಿಕೊಡಿ. ಅಳತೆ ಸಮೇತ ಹೇಳಿಕೊಡಿ. ಯಾಕೆ ಹೀಗೆ ಹೇಳುತ್ತೇನೆ ಅಂದರೆ, ನನಗೆ ಈ ಕೆಲಸ ಕೈಗೆ ಹತ್ತಿದ್ದೇ ಇನ್ನೊಬ್ಬರು ಏನನ್ನೂ ಮುಚ್ಚಿಡದೆ ತೋರಿಸಿದ್ದರಿಂದ.

ನನ್ನ ತವರು ಕುಮಟಾ ಕಡೆ, ಈಗ ಇರುವುದು ಶಿರಸಿಯಲ್ಲಿ. ಕ್ರೇಪ್ ಪೇಪರಿನಲ್ಲಿ, ಅಂದರೆ ಸಣ್ಣ ನಿರಿಗೆಯ ತೆಳು ಕಾಗದದಲ್ಲಿ, ಮುಡಿಯುವ ಅಬ್ಬಲಿಗೆ ದಂಡೆ (ಮಾಲೆ) ಮಾಡುತ್ತೇನೆ. ಬೆಂಗಳೂರಿನವರು ಕನಕಾಂಬರ ಅನ್ನುತ್ತಾರಲ್ಲ, ಅದೇ ಹೂವು. ಶುರುವಿನಲ್ಲಿ ನನ್ನ ಹೂವು ಬಿಡಿಯಾಗಿ ನೋಡಲು ಚೆನ್ನಾಗಿಯೇ ಇರುತ್ತಿತ್ತು. ದಂಡೆ ಕಟ್ಟಿದ ಕೂಡಲೇ ಹಾಳು. ಹೂವು ಮಗುಚಿ ಬೀಳುತ್ತಿತ್ತು, ನಡುವೆ ಬಾಳೆನಾರು ಕಾಣುತ್ತಿತ್ತು. ಎಸಳೇ ಸರಿಯಿಲ್ಲ ಅಂದುಕೊಂಡು ಎರಡು ತಿಂಗಳು ಬರೀ ಎಸಳನ್ನೇ ತಿದ್ದಿದೆ.

ಒಂದು ದಿನ ಪೇಟೆಯಲ್ಲಿ ಹೂವು ಮಾರುವ ಅಜ್ಜಿಗೆ ತೋರಿಸಿದೆ. ಅವರು ಬೆರಳಲ್ಲಿ ತಿರುಗಿಸಿ ನೋಡಿ, "ತಂಗಿ, ಇದಕ್ಕೆ ಕುತ್ತಿಗೆನೇ ಇಲ್ಲ. ಎಲ್ಲಿ ಹಿಡಿದು ಕಟ್ತೀಯೆ?" ಅಂದರು. ಬುಟ್ಟಿಯಿಂದ ಒಂದು ಅಬ್ಬಲಿಗೆ ತೆಗೆದು ಎಸಳನ್ನು ಪಕ್ಕಕ್ಕೆ ಸರಿಸಿ ತೋರಿಸಿದರು. ಕೆಳಗೆ ದಾರದಷ್ಟು ಸಣ್ಣ, ಉದ್ದ ಕೊಳವೆ. ನಾರು ಬಿಗಿಯುವುದು ಅಲ್ಲಿ. ಎಸಳೆಲ್ಲ ಒಂದೇ ಕಡೆಗೆ ಬೀಸಣಿಗೆ ಹಾಗೆ ಬಿಚ್ಚಿಕೊಳ್ಳುತ್ತದೆ, ಹಾಗಾಗಿ ದಂಡೆಯಲ್ಲಿ ಒಂದರ ಮೇಲೊಂದು ಕೂರುತ್ತದೆ. ಚಿಕ್ಕಂದಿನಿಂದ ಮುಡಿದ ಹೂವು, ನಾನು ಇದನ್ನು ನೋಡಿಯೇ ಇರಲಿಲ್ಲ! ಅಜ್ಜಿ ಐದೇ ನಿಮಿಷದಲ್ಲಿ ಕಟ್ಟಿಯೂ ತೋರಿಸಿದರು. ಅವರಿಗೂ ಅದೇ ಹೊಟ್ಟೆಪಾಡು ಅಲ್ವಾ?

ಅಲ್ಲಿಂದ ನಾನು ಮಾಡಿಕೊಂಡು ಬಂದದ್ದು ಹೀಗೆ. ಕ್ರೇಪ್ ಪೇಪರಿನ ನಿರಿಗೆ ಮೇಲಿಂದ ಕೆಳಕ್ಕೆ ಬರುವಂತೆ ಇಟ್ಟುಕೊಂಡು, 4 ಸೆಂಟಿಮೀಟರ್ ಎತ್ತರ, 2.5 ಸೆಂಟಿಮೀಟರ್ ಅಗಲದ ತುಂಡು ಕತ್ತರಿಸುತ್ತೇನೆ. ಮೇಲಿನ ಅಂಚಿಗೆ ಐದು ಬಾಗು. ಎರಡೂ ಹೆಬ್ಬೆರಳಿನಿಂದ ಅಡ್ಡಕ್ಕೆ ಮೆಲ್ಲಗೆ ಎಳೆದರೆ ಎಸಳು ಉಬ್ಬಿ ನಿಲ್ಲುತ್ತದೆ. ನಿರಿಗೆ ಅಡ್ಡವಾಗಿದ್ದರೆ ಎಷ್ಟು ಎಳೆದರೂ ಉಬ್ಬುವುದಿಲ್ಲ, ಹರಿಯುತ್ತದೆ. ಕೆಳಗಿನ 2 ಸೆಂಟಿಮೀಟರಿಗೆ ಚೂರೇ ಚೂರು ಅಂಟು ಸವರಿ, ಬತ್ತಿ ಹೊಸೆದ ಹಾಗೆ ಹೊಸೆಯಬೇಕು. ಅದೇ ಕುತ್ತಿಗೆ. ಒಂದು ದಂಡೆಗೆ ನೂರು ಹೂವು ಬೇಕು. ಹೂವೊಂದಕ್ಕೆ ಎರಡು ನಿಮಿಷ ಅಂದರೂ ಮೂರು ತಾಸು ದಾಟುತ್ತದೆ, ಕಟ್ಟುವುದು ಬೇರೆ.

ಇದನ್ನೆಲ್ಲ ಓದಿದ ಮಾತ್ರಕ್ಕೆ ನಾಳೆಯೇ ದಂಡೆ ಆಗುವುದಿಲ್ಲ. ಕೈ ಪಳಗಲು ನೂರಾರು ಹೂವು ಹಾಳಾಗಬೇಕು. ಅಳತೆ ಕೊಟ್ಟರೆ ನಿಮ್ಮದೇನೂ ಹೋಗುವುದಿಲ್ಲ ಅನ್ನುವುದು ಅದಕ್ಕೇ.

ನಕಲಿನ ನೋವು ನನಗೂ ಆಗಿದೆ. 2024ರಲ್ಲಿ ಮಾರಿಕಾಂಬಾ ಜಾತ್ರೆಯ ಹೊತ್ತಿಗೆ ನಾನು ತೆಗೆದ ಫೋಟೋವನ್ನೇ ಒಬ್ಬರು ತಮ್ಮ ದಂಡೆ ಎಂದು ಹಾಕಿಕೊಂಡು ಆರ್ಡರ್ ತೆಗೆದುಕೊಂಡರು. ಎರಡು ರಾತ್ರಿ ನಿದ್ದೆ ಬರಲಿಲ್ಲ. ಅವರಿಗೆ ನೇರವಾಗಿ ಬರೆದೆ: "ನೀವು ಮಾಡಿ, ಮಾರಿ, ನನ್ನದೇನೂ ತಕರಾರಿಲ್ಲ. ಆದರೆ ನೀವು ಮಾಡಿದ್ದರ ಫೋಟೋ ಹಾಕಿ." ತೆಗೆದರು. ವಿಧಾನ ಹಂಚಿಕೊಳ್ಳುವುದು ಬೇರೆ, ಇನ್ನೊಬ್ಬರ ಕೆಲಸವನ್ನು ತನ್ನದು ಅನ್ನುವುದು ಬೇರೆ. ಎರಡನೆಯದನ್ನು ಸುಮ್ಮನೆ ಬಿಡಬೇಡಿ.

ಬದುಕು ಹೇಗೆ ಅಂತ ಯೋಚಿಸುತ್ತಿದ್ದರೆ, ಮಳೆಗಾಲಕ್ಕೆ ತಯಾರಾಗಿರಿ. ಶಿರಸಿ ಮಳೆಯಲ್ಲಿ ಕಾಗದ ತಂಡಿ ಹೀರಿ ಮೆತ್ತಗಾಗುತ್ತದೆ. ಫೆವಿಕಾಲ್ ಒಣಗುವುದು ಅದರೊಳಗಿನ ನೀರು ಆರಿದ ಮೇಲೆ, ಇಲ್ಲಿ ಆರುವುದೇ ಇಲ್ಲ. ಬಚ್ಚಲ ಒಲೆ ಮೇಲೆ ಬಟ್ಟೆ ಒಣಗಿಸುವ ಹಾಗೆ ಹೂವನ್ನೂ ಇಟ್ಟು ನೋಡಿದೆ. ಹೊಗೆ ಹಿಡಿದು ಬಣ್ಣ ಮಂಕಾಯಿತು. ಹಾಗಾಗಿ ಜೂನ್ ಬರುವ ಮೊದಲೇ ಹೂವು ಮಾಡಿ, ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ತಂಡಿ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡುತ್ತೇನೆ. ಮಳೆಗಾಲದಲ್ಲಿ ಬರೀ ಕಟ್ಟುವ ಕೆಲಸ. ಬಾಳೆನಾರಿಗೆ ಹೇಗೂ ತುಸು ಪಸೆ ಬೇಕು.

ಇನ್ನೊಂದು, ನನ್ನ ತಪ್ಪಿನಿಂದ ಕಲಿತದ್ದು. ಕ್ರೇಪ್ ಪೇಪರಿನ ಬಣ್ಣ ನೀರು ತಾಗಿದರೆ ಬಿಡುತ್ತದೆ. ಕುಣಿತದ ಮಕ್ಕಳಿಗೆ ಮಾಡಿಕೊಟ್ಟ ದಂಡೆ ಬೆವರಿಗೆ ಒದ್ದೆಯಾಗಿ ಒಂದು ಮಗುವಿನ ಬಿಳಿ ರವಿಕೆ ಬೆನ್ನೆಲ್ಲ ಕೇಸರಿಯಾಯಿತು. ಅವಳಮ್ಮ ಬೈಯಲಿಲ್ಲ, ಆದರೆ ಆ ಮಗು ಅತ್ತಿದ್ದು ನನಗೆ ಇವತ್ತಿಗೂ ನೆನಪಿದೆ. ರವಿಕೆ ಹೊಲಿಸಿಕೊಟ್ಟೆ. ಅಲ್ಲಿಂದ ಮುಡಿಯುವ ಹೂವನ್ನೆಲ್ಲ ಕರಗಿದ ಮೇಣದಲ್ಲಿ ಒಮ್ಮೆ ಅದ್ದಿ ತೆಗೆಯುತ್ತೇನೆ. ಮೇಣದ ಪಾತ್ರೆಯನ್ನು ಬಿಸಿನೀರಿನ ಪಾತ್ರೆಯೊಳಗೆ ಇಟ್ಟೇ ಕರಗಿಸಿ. ನೇರ ಬೆಂಕಿ ಮೇಲೆ ಇಟ್ಟರೆ ಹೊತ್ತಿಕೊಳ್ಳುವ ಭಯ ಇದೆ. ಇಂಥದ್ದನ್ನು ಮೊದಲು ಹೇಳಿಕೊಡಿ, ಚೆಂದದ ಫೋಟೋ ಆಮೇಲೆ.

ದುಡ್ಡು ಜಾಸ್ತಿ ಇಲ್ಲ. ದಂಡೆಗೆ 350 ರೂಪಾಯಿ ತೆಗೆದುಕೊಳ್ಳುತ್ತೇನೆ. ಇದೊಂದರಲ್ಲೇ ಮನೆ ನಡೆಯುವುದಿಲ್ಲ, ನಮ್ಮ ಮನೆಗೆ ಅಡಿಕೆ ಆಧಾರ ಇದೆ.

ಶನಿವಾರ ಮಧ್ಯಾಹ್ನ ಕೇರಿಯ ಐದಾರು ಹುಡುಗಿಯರು ನಮ್ಮ ಜಗಲಿಗೆ ಬರುತ್ತಾರೆ. ಅದರಲ್ಲೊಬ್ಬಳು ಕುತ್ತಿಗೆಯನ್ನು ನನಗಿಂತ ಸಣ್ಣಗೆ ಹೊಸೆಯುತ್ತಾಳೆ. ಹೇಗೆ ಅಂತ ಕೇಳಿದೆ. "ಅಕ್ಕಾ, ನಾನು ಅಂಟು ಹಚ್ಚೋದು ಹೊಸೆದ ಮೇಲೆ," ಅಂದಳು. ಈಗ ನಾನೂ ಹಾಗೇ ಮಾಡುತ್ತೇನೆ. ನೀವು ಎರಡೂ ರೀತಿ ಮಾಡಿ ನೋಡಿ, ಯಾವುದು ಕೈಗೆ ಕೂರುತ್ತದೋ ಬರೆದು ತಿಳಿಸಿ.